ಗ್ಲುಟನ್ ಇಲ್ಲದ ಆಪಲ್ ಪೈ: ಕ್ರಸ್ಟ್ ಒಡೆಯದ ಹಾಗೆ ಮಾಡುವುದು ಹೇಗೆ?

ಚಾಮುಂಡಿಪುರಂ_ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 11 ವರ್ಷ. ಹೋದ ವರ್ಷ ಸೀಲಿಯಾಕ್, ಅಂದರೆ ಗೋಧಿಯಲ್ಲಿರುವ ಗ್ಲುಟನ್ ಅನ್ನುವ ಅಂಟು ಪ್ರೋಟೀನ್ ಆಗದ ಕಾಯಿಲೆ ಅಂತ ಗೊತ್ತಾಯಿತು, ಅವತ್ತಿನಿಂದ ಅವಳ ಪಾಲಿಗೆ ಗೋಧಿ, ಮೈದಾ, ರವೆ ಎಲ್ಲಾ ಬಂದ್. ದಿನದ ಊಟ ತಿಂಡಿಗೆ ಏನೂ ಕಷ್ಟವಿಲ್ಲ. ಇಡ್ಲಿ, ದೋಸೆ, ಅಕ್ಕಿರೊಟ್ಟಿ, ರಾಗಿಮುದ್ದೆ ತಿಂದುಕೊಂಡು ಆರಾಮಾಗಿದ್ದಾಳೆ. ಆದರೆ ಬೇಕರಿ ಸಾಮಾನು ಅಂದರೆ ಬಾಯಿ ಕಟ್ಟಬೇಕು. ಈ ಹುಟ್ಟುಹಬ್ಬಕ್ಕೆ ಕೇಕ್ ಬೇಡವಂತೆ, ಆಪಲ್ ಪೈ ಬೇಕಂತೆ, ಹಿಟ್ಟಿನ ಹೊದಿಕೆಯೊಳಗೆ (ಅದೇ ಕ್ರಸ್ಟ್) ಸೇಬು ತುಂಬಿ ಬೇಯಿಸುವುದು. ಅದೂ ಮೇಲೆ ಚಾಪೆ ಹೆಣೆದ ಹಾಗೆ ಪಟ್ಟಿ ಪಟ್ಟಿ ಇರುವಂಥದ್ದು.

ಮೈದಾ ಜಾಗಕ್ಕೆ ಅಷ್ಟೇ ಅಕ್ಕಿಹಿಟ್ಟು ಹಾಕಿ ಕಲಸಿದರೆ ಲಟ್ಟಿಸುವಾಗಲೇ ಅಂಚು ಬಿರಿಯುತ್ತದೆ, ಎತ್ತಿ ತಟ್ಟೆಗೆ ಹಾಕುವಷ್ಟರಲ್ಲಿ ನಾಲ್ಕು ಚೂರು. ಬೆಂದ ಮೇಲೆ ತಿಂದರೆ ಮರಳು ಮರಳು. ಅಂಗಡಿಯ ರೆಡಿ ಮಿಕ್ಸ್ ಬೇಡ, ಮನೆಯಲ್ಲಿ ಸಿಗುವ ಹಿಟ್ಟುಗಳಲ್ಲೇ ಮಾಡಬೇಕು ಅಂತ ಆಸೆ. ನನ್ನ ಹತ್ತಿರ ಇರುವುದು ಒಂದು ಓಟಿಜಿ (ಮೇಜಿನ ಮೇಲಿಡುವ ಸಣ್ಣ ಕರೆಂಟ್ ಓವನ್), 9 ಇಂಚಿನ ಅಲ್ಯೂಮಿನಿಯಂ ಪೈ ತಟ್ಟೆ. ಯಾವ ಹಿಟ್ಟು, ಎಷ್ಟು, ಅಂಟು ಬರಲು ಏನು ಹಾಕಬೇಕು, ದಯವಿಟ್ಟು ಅಳತೆ ಸಮೇತ ಹೇಳಿ.

ಬಸವನಗುಡಿ_ಓವನ್

ಮೇಡಂ, ನಾನು ಮನೆಯಿಂದಲೇ ಗ್ಲುಟನ್ ಇಲ್ಲದ ಬೇಕಿಂಗ್ ಆರ್ಡರ್ ಮಾಡಿಕೊಡುತ್ತೇನೆ, ಹಾಗಾಗಿ ಈ ಹಿಟ್ಟಿನ ಜೊತೆ ದಿನವೂ ಒಡನಾಟ. ಮೊದಲು ಒಂದು ಮಾತು: ಮೈದಾ ಪೈಗೆ ಬರೆದಿರುವ ನಿಯಮಗಳನ್ನು ಪಕ್ಕಕ್ಕೆ ಇಡಿ. ಮೈದಾದಲ್ಲಿ ಗ್ಲುಟನ್ ಜಾಸ್ತಿ ಬೆಳೆದು ಕ್ರಸ್ಟ್ ಗಟ್ಟಿ ಆಗಬಾರದು ಅಂತ ಎಲ್ಲರೂ ಕಮ್ಮಿ ಮುಟ್ಟಿ, ನೀರು ಕಮ್ಮಿ ಹಾಕಿ, ನಾದಲೇಬೇಡಿ ಅನ್ನುತ್ತಾರೆ. ಇಲ್ಲಿ ಬೆಳೆಯೋಕೆ ಗ್ಲುಟನ್ನೇ ಇಲ್ವಲ್ಲ. ನೀರು ಸ್ವಲ್ಪ ಜಾಸ್ತಿಯೇ ಬೇಕು, ಕೈಯಲ್ಲಿ ಒತ್ತಿ ಒತ್ತಿ ಕೂಡಿಸಿದರೂ ಏನೂ ಆಗುವುದಿಲ್ಲ. ಕಷ್ಟ ಇರುವುದು ಗಟ್ಟಿಯಾಗುವುದರಲ್ಲಿ ಅಲ್ಲ, ಉದುರುವುದರಲ್ಲಿ.

ಬರೀ ಅಕ್ಕಿಹಿಟ್ಟಿನಲ್ಲಿ ಒಳ್ಳೆಯ ಪೈ ಬರುವುದಿಲ್ಲ. ನಾನು ಹಾಕುವುದು ಅಕ್ಕಿಹಿಟ್ಟು 140 ಗ್ರಾಂ, ಜೋಳದ ಹಿಟ್ಟು 80 ಗ್ರಾಂ, ಕಾರ್ನ್‌ಫ್ಲೋರ್ 80 ಗ್ರಾಂ. ಒಟ್ಟು 300 ಗ್ರಾಂ, 9 ಇಂಚಿನ ತಟ್ಟೆಗೆ ಕೆಳಗಿನ ಕ್ರಸ್ಟ್‌ಗೂ ಮೇಲಿನ ಪಟ್ಟಿಗಳಿಗೂ ಸಾಕು. ಇಲ್ಲಿ ಜೋಳ ಅಂದರೆ ರೊಟ್ಟಿ ಮಾಡುವ ಬಿಳಿಜೋಳ. ಅದು ಹಾಕಿದರೆ ಬಣ್ಣವೂ ಚೆನ್ನಾಗಿ ಬರುತ್ತದೆ, ರುಚಿಯೂ ಸುಮಾರಾಗಿ ಗೋಧಿಯ ಕಡೆಗೆ ವಾಲುತ್ತದೆ. ಬರೀ ಅಕ್ಕಿ ಆದರೆ ಎಷ್ಟು ಹೊತ್ತು ಇಟ್ಟರೂ ಬಿಳಿಚಿಕೊಂಡೇ ಇರುತ್ತದೆ. ರಾಗಿಹಿಟ್ಟು ಹಾಕಬಹುದು, ಆದರೆ 40 ಗ್ರಾಂ ದಾಟಿದರೆ ಸೇಬಿನ ರುಚಿ ಮುಚ್ಚಿಹೋಗುತ್ತದೆ. ಬಾಳೆಹಣ್ಣಿನ ಪೈಗೆ ಮಾತ್ರ ರಾಗಿ ತುಂಬಾ ಚೆನ್ನಾಗಿ ಹೊಂದುತ್ತದೆ.

ಅಂಟಿಗೆ ಇಸಬ್ಗೋಲ್. ಮೆಡಿಕಲ್ ಶಾಪಿನಲ್ಲಿ ಸಿಗುವ, ಏನೂ ಫ್ಲೇವರ್ ಹಾಕದ ಬರೀ ಹೊಟ್ಟು. ಅದನ್ನು ಮಿಕ್ಸಿಯಲ್ಲಿ ಪುಡಿ ಮಾಡಿ 2 ಟೀ ಚಮಚ ಹಾಕಿ. ಕ್ಸಾಂಥನ್ ಗಮ್ (ಬೇಕಿಂಗ್‌ಗೆ ಹಾಕುವ ಅಂಟಿನ ಪುಡಿ) ಇದ್ದರೆ 1 ಟೀ ಚಮಚ ಸಾಕು, ಎರಡೂ ಸೇರಿಸುವುದು ಬೇಡ. ಜೊತೆಗೆ ಅರ್ಧ ಚಮಚ ಉಪ್ಪು, 1 ದೊಡ್ಡ ಚಮಚ ಸಕ್ಕರೆ. ಉಪ್ಪು ಹಾಕಿದ ಬೆಣ್ಣೆ ಆದರೆ ಬೇರೆ ಉಪ್ಪು ಬೇಡ.

ಬೆಣ್ಣೆ 180 ಗ್ರಾಂ, ಫ್ರೀಜರ್‌ನಲ್ಲಿ ಕಲ್ಲಿನ ಹಾಗೆ ಗಟ್ಟಿ ಮಾಡಿ ಕ್ಯಾರೆಟ್ ತುರಿಯುವುದರಲ್ಲಿ ತುರಿದು ಹಿಟ್ಟಿಗೆ ಹಾಕಿ. ಬೆರಳ ತುದಿಯಿಂದ ಮಾತ್ರ ಉಜ್ಜಿ, ಅಂಗೈ ತಾಗಿದರೆ ಬಿಸಿಗೆ ಕರಗುತ್ತದೆ. ಅಲ್ಲಲ್ಲಿ ಕಡಲೆಬೇಳೆ ಗಾತ್ರದ ಬೆಣ್ಣೆ ಚೂರು ಕಾಣುತ್ತಿರಬೇಕು, ಆ ಚೂರುಗಳು ಬೇಯುವಾಗ ಅದರಲ್ಲಿರುವ ನೀರು ಆವಿಯಾಗಿ ಪದರ ಬಿಡಿಸುತ್ತದೆ. ತುಪ್ಪ ಹಾಕಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ತುಪ್ಪದಲ್ಲಿ ನೀರಿನಂಶ ಇಲ್ಲ, ಹಾಗಾಗಿ ಪದರ ಬರುವುದಿಲ್ಲ, ನಾನ್‌ಕಟಾಯಿ ಥರ ಪುಡಿಪುಡಿ ಆಗುತ್ತದೆ. ರುಚಿ ಚೆನ್ನಾಗಿರುತ್ತದೆ, ಆದರೆ ಅದು ಪೈ ಅಲ್ಲ.

ಆಮೇಲೆ 1 ಮೊಟ್ಟೆ, 1 ಟೀ ಚಮಚ ವಿನಿಗರ್, ಐಸ್ ನೀರು 4ರಿಂದ 6 ದೊಡ್ಡ ಚಮಚ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆ ಹಾಗೇ ನಿಲ್ಲಬೇಕು, ಬೆರಳಿನಿಂದ ಒತ್ತಿದರೆ ಅಂಚು ಬಿರಿಯಬಾರದು. ಬಿರಿದರೆ ಇನ್ನೊಂದು ಚಮಚ ನೀರು. ಎರಡು ಪಾಲು ಮಾಡಿ ಬಿಲ್ಲೆ ತಟ್ಟಿ, ಮುಚ್ಚಿ ಫ್ರಿಜ್‌ನಲ್ಲಿ ಕನಿಷ್ಠ 1 ಗಂಟೆ ಇಡಿ. ಇದನ್ನು ಮಾತ್ರ ಬಿಡಲೇಬೇಡಿ. ಅಕ್ಕಿಹಿಟ್ಟು ನೀರು ಕುಡಿಯಲು ಹೊತ್ತು ಹಿಡಿಯುತ್ತದೆ, ಕುಡಿಯದೇ ಓವನ್‌ಗೆ ಹೋದರೆ ಅದೇ ನೀವು ಹೇಳಿದ ಮರಳು ಮರಳು.

ಲಟ್ಟಿಸುವುದು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ. ಒಬ್ಬಟ್ಟು ತಟ್ಟುವವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಮೇಲಿನ ಹಾಳೆ ತೆಗೆದು, ಕೆಳಗಿನ ಹಾಳೆ ಸಮೇತ ಎತ್ತಿ ತಟ್ಟೆಯ ಮೇಲೆ ಬೋರಲು ಹಾಕಿ, ನಿಧಾನವಾಗಿ ಹಾಳೆ ಬಿಡಿಸಿ. ಎಲ್ಲಾದರೂ ಹರಿದರೆ ಒದ್ದೆ ಬೆರಳಿನಿಂದ ಒತ್ತಿ ತೇಪೆ ಹಾಕಿ. ಈ ಹಿಟ್ಟಿನಲ್ಲಿ ತೇಪೆ ಕಾಣುವುದೇ ಇಲ್ಲ, ಮೈದಾಗಿಂತ ಇದರಲ್ಲಿ ಸುಲಭ ಅನ್ನುವುದು ಇದೊಂದೇ.

ಮೇಲಿನ ಪಟ್ಟಿಗಳನ್ನು ನಿಜವಾಗಿ ಹೆಣೆಯಲು ಹೋಗಬೇಡಿ, ಎತ್ತಿ ಮಡಚುವಾಗ ತುಂಡಾಗುತ್ತವೆ. ಲಟ್ಟಿಸಿದ ಹಾಳೆಯನ್ನು 10 ನಿಮಿಷ ಫ್ರೀಜರ್‌ಗೆ ಹಾಕಿ, ಚಾಕುವಿನಿಂದ ಪಟ್ಟಿ ಕೊಯ್ದು, ಅರ್ಧ ಪಟ್ಟಿ ಉದ್ದಕ್ಕೆ, ಇನ್ನರ್ಧ ಅದರ ಮೇಲೆ ಅಡ್ಡಕ್ಕೆ ಇಟ್ಟುಬಿಡಿ. ಬೆಂದ ಮೇಲೆ ಹೆಣೆದಿಲ್ಲ ಅಂತ ಯಾರಿಗೂ ತಿಳಿಯುವುದಿಲ್ಲ, ಮಗಳಿಗಂತೂ ಖುಷಿಯಾಗುತ್ತದೆ.

ಜೆರ್ಸಿ_ಕನ್ನಡತಿ

ಬಸವನಗುಡಿಯವರು ಕ್ರಸ್ಟ್ ಬಗ್ಗೆ ಎಲ್ಲಾ ಹೇಳಿದ್ದಾರೆ, ನಾನು ಒಳಗಿನ ಹೂರಣದ ಬಗ್ಗೆ ಬರೆಯುತ್ತೇನೆ. ನಾವಿರುವುದು ನ್ಯೂಜೆರ್ಸಿಯಲ್ಲಿ. ಸೆಪ್ಟೆಂಬರ್, ಅಕ್ಟೋಬರ್ ಬಂದರೆ ತೋಟಕ್ಕೇ ಹೋಗಿ ಸೇಬು ಕಿತ್ತು ತರುತ್ತೇವೆ, ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್‌ಗೆ ಪೈ ಇಲ್ಲದ ಮನೆ ಇಲ್ಲಿ ಅಪರೂಪ. ನಮ್ಮ ಯಜಮಾನರಿಗೂ ಗೋಧಿ ಆಗುವುದಿಲ್ಲ, ಹಾಗಾಗಿ ನಮ್ಮ ಮನೆಯ ಪೈ ಯಾವಾಗಲೂ ಗ್ಲುಟನ್ ಇಲ್ಲದ್ದೇ.

ಇಲ್ಲಿ ಪೈಗೆ ಗ್ರ್ಯಾನಿ ಸ್ಮಿತ್ ಅನ್ನುವ ಹಸಿರು ಹುಳಿ ಸೇಬು ಬಳಸುತ್ತೇವೆ. ಅದು ಬೆಂದರೂ ಹೋಳು ಹೋಳಾಗಿಯೇ ಉಳಿಯುತ್ತದೆ. ಮೈಸೂರಲ್ಲೂ ದೊಡ್ಡ ಅಂಗಡಿಗಳಲ್ಲಿ ಸಿಗಬಹುದು, ಆದರೆ ಬೆಲೆ ಜಾಸ್ತಿ. ನಮ್ಮೂರಲ್ಲಿ ಮಾಮೂಲಿಯಾಗಿ ಬರುವ ಕೆಂಪು ಡೆಲಿಷಿಯಸ್ ಸೇಬು ಸಿಹಿ ಜಾಸ್ತಿ, ಬೇಗ ಮೆತ್ತಗಾಗುತ್ತದೆ. ಅದರಲ್ಲೇ ಮಾಡುವುದಾದರೆ ಗಟ್ಟಿ ಹಣ್ಣು ಆರಿಸಿ, ಹೋಳು ಸ್ವಲ್ಪ ದಪ್ಪ ಮಾಡಿ, ಒಂದು ಪೂರ್ತಿ ನಿಂಬೆಹಣ್ಣಿನ ರಸ ಹಾಕಿ, ಸಕ್ಕರೆ ಕಮ್ಮಿ ಮಾಡಿ.

ಅಳತೆ ಹೀಗೆ. ಸಿಪ್ಪೆ ತೆಗೆದು ಹೆಚ್ಚಿದ ಸೇಬು 1 ಕೆಜಿ, ಸಕ್ಕರೆ 100 ಗ್ರಾಂ, ನಿಂಬೆರಸ, ಚಿಟಿಕೆ ಉಪ್ಪು, 1 ಚಮಚ ಚಕ್ಕೆ ಪುಡಿ, ಸ್ವಲ್ಪ ಜಾಯಿಕಾಯಿ ತುರಿ. ಇದೆಲ್ಲ ಬೆರೆಸಿ ಅರ್ಧ ಗಂಟೆ ಬಿಟ್ಟರೆ ಸೇಬು ನೀರು ಬಿಟ್ಟುಕೊಳ್ಳುತ್ತದೆ. ಆ ರಸವನ್ನು ಬೇರೆ ಪಾತ್ರೆಗೆ ಸೋಸಿ, ಒಂದು ದೊಡ್ಡ ಚಮಚ ಬೆಣ್ಣೆ ಹಾಕಿ, ಬೆರಳಿಗೆ ಅಂಟಂಟಾಗುವ ತನಕ ಕುದಿಸಿ ಇಳಿಸಿ. ಪೂರ್ತಿ ಆರಿದ ಮೇಲೆ 25 ಗ್ರಾಂ ಕಾರ್ನ್‌ಫ್ಲೋರ್ ಸಮೇತ ವಾಪಸ್ ಸೇಬಿಗೆ ಬೆರೆಸಿ. ಇಷ್ಟು ಮಾಡಿದರೆ ಅಡಿ ನೆನೆಯುವುದೂ ಇಲ್ಲ, ಕೊಯ್ದಾಗ ರಸ ತಟ್ಟೆ ತುಂಬಾ ಹರಿಯುವುದೂ ಇಲ್ಲ. ಗ್ಲುಟನ್ ಇಲ್ಲದ ಕ್ರಸ್ಟ್‌ಗೆ ಇದು ಬಹಳ ಮುಖ್ಯ, ಯಾಕೆಂದರೆ ಒದ್ದೆಯಾದರೆ ಅದು ಮೈದಾ ಕ್ರಸ್ಟ್‌ನಷ್ಟು ತಡೆಯುವುದಿಲ್ಲ, ಗಂಜಿ ಆಗಿಬಿಡುತ್ತದೆ.

ಇನ್ನೊಂದು ವಿಷಯ, ಬಿಸಿ ಬಿಸಿ ಕೊಯ್ಯಬೇಡಿ. ಎಲ್ಲರಿಗೂ ಆತುರ ಇರುತ್ತದೆ, ಮನೆಯೆಲ್ಲಾ ಚಕ್ಕೆ ಪರಿಮಳ ಬರುತ್ತಿರುತ್ತದಲ್ವಾ. ಆದರೆ 3 ಗಂಟೆಯಾದರೂ ಆರಬೇಕು. ಕಾರ್ನ್‌ಫ್ಲೋರ್ ಗಟ್ಟಿಯಾಗುವುದು ಆರುವಾಗಲೇ. ಬಿಸಿ ತಿನ್ನಲೇಬೇಕು ಅಂದರೆ ಆರಿದ ಮೇಲೆ ಕೊಯ್ದು, ತುಂಡನ್ನು ಓವನ್‌ನಲ್ಲಿ ಮತ್ತೆ ಬಿಸಿ ಮಾಡಿ ಕೊಡಿ.

ಹುಕ್ಕೇರಿ_ಹುಡುಗ

ಅಕ್ಕಾ, ಇಷ್ಟೆಲ್ಲಾ ಒದ್ದಾಟ ಯಾಕೆ? ನಮ್ಮ ಬೆಳಗಾವಿ ಕಡೆ ಜವೆಗೋಧಿ ಸಿಗುತ್ತದೆ, ಖಪಲಿ ಅಂತಾರಲ್ಲ ಅದೇ. ಹಳೇ ಕಾಲದ ತಳಿ, ಹೊಟ್ಟೆಗೆ ಹಗುರ. ಸಕ್ಕರೆ ಕಾಯಿಲೆ ಇರುವವರಿಗೂ ಅದನ್ನೇ ತಿನ್ನಲು ಹೇಳುತ್ತಾರೆ. ಅದರಲ್ಲಿ ಮಾಡಿದರೆ ಪೈ ಒಡೆಯುವುದೂ ಇಲ್ಲ.

ಗೋಧಿ_ಬಿಟ್ಟವನು

ಹುಕ್ಕೇರಿಯವರೇ, ನೀವು ಕಾಳಜಿಯಿಂದಲೇ ಹೇಳಿದ್ದೀರಿ, ಆದರೆ ದಯವಿಟ್ಟು ಸೀಲಿಯಾಕ್ ಇರುವವರಿಗೆ ಈ ಸಲಹೆ ಕೊಡಬೇಡಿ. ಜವೆಗೋಧಿಯೂ ಗೋಧಿಯೇ, ಅದರಲ್ಲೂ ಗ್ಲುಟನ್ ಇದೆ. ಸೀಲಿಯಾಕ್ ಅಂದರೆ ಅಜೀರ್ಣ ಅಲ್ಲ. ಗ್ಲುಟನ್ ಒಳಗೆ ಹೋದರೆ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರದ ಮೇಲೆ ದಾಳಿ ಮಾಡುತ್ತದೆ. ಹೊಟ್ಟೆ ನೋವು ಬರಲಿ ಬಿಡಲಿ, ಒಳಗೆ ಹಾನಿ ಆಗುತ್ತಿರುತ್ತದೆ, ಮಕ್ಕಳಲ್ಲಿ ಬೆಳವಣಿಗೆಯೇ ಕುಂಠಿತ ಆಗಬಹುದು. ಗೋಧಿಯ ಯಾವ ತಳಿಯೂ ಬೇಡ, ಬಾರ್ಲಿ ಬೇಡ, ರೈ ಅನ್ನುವ ಧಾನ್ಯವೂ ಬೇಡ. ಅಕ್ಕಿ, ಜೋಳ, ರಾಗಿ, ಸಜ್ಜೆ, ನವಣೆ, ಮೆಕ್ಕೆಜೋಳ ಎಲ್ಲಾ ಸರಿ.

ನನಗೂ ಸೀಲಿಯಾಕ್, ಹಾಗಾಗಿ ಚಾಮುಂಡಿಪುರಂ ಮೇಡಂಗೆ ಒಂದೆರಡು ಮಾತು ಜಾಸ್ತಿಯೇ ಹೇಳುತ್ತೇನೆ. ಪೈಗೆ ಹಾಕುವ ಹಿಟ್ಟು ಎಲ್ಲಿ ಬೀಸಿಸುತ್ತೀರಿ? ಫ್ಲೋರ್ ಮಿಲ್ಲಿನಲ್ಲಿ ನಿಮ್ಮ ಅಕ್ಕಿಗೆ ಮುಂಚೆ ಯಾರದೋ ಗೋಧಿ ಬೀಸಿರುತ್ತಾರೆ, ಕಲ್ಲಿನಲ್ಲಿ ಉಳಿದದ್ದು ನಿಮ್ಮ ಡಬ್ಬಕ್ಕೆ ಬರುತ್ತದೆ. ನಮ್ಮ ದೇಶದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮದ ಪ್ರಕಾರ ಗ್ಲುಟನ್ ಇಲ್ಲ ಅಂತ ಬರೆಯಬೇಕಾದರೆ ಒಂದು ಕೆಜಿಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟನ್ ಇರಬಾರದು. ಅದೆಷ್ಟು ಸಣ್ಣ ಅಳತೆ ಅಂತ ಯೋಚಿಸಿ. ಮಿಲ್ಲಿನಲ್ಲಿ ಬೀಸಿದ ಹಿಟ್ಟು ಆ ಮಿತಿಯೊಳಗೆ ಇರುತ್ತದೆ ಅಂತ ಹೇಳಲು ಆಗುವುದಿಲ್ಲ. ಒಂದೋ ಹಾಗೆ ಬರೆದಿರುವ ಪ್ಯಾಕೆಟ್ ತನ್ನಿ, ಇಲ್ಲ ಅಂದರೆ ಕಾಳು ಆರಿಸಿ ತೊಳೆದು ಒಣಗಿಸಿ ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿ. ಬಿಡಿಯಾಗಿ ತಂದ ಜೋಳದಲ್ಲಿ ಎಷ್ಟೋ ಸಲ ಗೋಧಿ ಕಾಳು ಬೆರೆತಿರುತ್ತದೆ, ಬಿಳಿ ತಟ್ಟೆಯಲ್ಲಿ ಹರಡಿ ನೋಡಿದರೆ ಉದ್ದ ಸೀಳು ಇರುವ ಕಾಳು ಕಣ್ಣಿಗೆ ಬೀಳುತ್ತದೆ.

ಚಪಾತಿ ಮಾಡುವ ಮರದ ಮಣೆ, ಲಟ್ಟಣಿಗೆ ಬಳಸಬೇಡಿ. ಮರದ ಸಂದಿನಲ್ಲಿ ಹಿಟ್ಟು ಸೇರಿಕೊಂಡಿರುತ್ತದೆ. ಜರಡಿಯೂ ಬೇರೆ ಇರಲಿ, ಎಷ್ಟು ತೊಳೆದರೂ ಬಲೆಯಲ್ಲಿ ಉಳಿಯುತ್ತದೆ. ಒಂದು ಸ್ಟೀಲ್ ಲೋಟವನ್ನೇ ಲಟ್ಟಣಿಗೆ ಮಾಡಿಕೊಂಡರೂ ನಡೆಯುತ್ತದೆ. ಬೇಕಿಂಗ್ ಮಾಡುವ ದಿನ ಅದೇ ಅಡುಗೆಮನೆಯಲ್ಲಿ ಮೈದಾ, ಗೋಧಿ ಜರಡಿ ಹಿಡಿಯುವುದು ಬೇಡ, ಗಾಳಿಯಲ್ಲಿ ಹಾರಿ ಬಂದು ಕೂರುತ್ತದೆ. ಪೈಗೆ ಸಂಬಂಧ ಇಲ್ಲದಿದ್ದರೂ ಹೇಳಿಬಿಡುತ್ತೇನೆ: ಒಗ್ಗರಣೆಗೆ ಹಾಕುವ ಡಬ್ಬಿ ಇಂಗಿನ ಹಿಂಬದಿ ಓದಿ. ತುಂಬಾ ಇಂಗುಗಳಲ್ಲಿ ಗೋಧಿಹಿಟ್ಟು ಅಥವಾ ಮೈದಾ ಬೆರೆಸಿರುತ್ತಾರೆ. ಅಕ್ಕಿಹಿಟ್ಟು ಬೆರೆಸಿದ್ದೂ ಸಿಗುತ್ತದೆ, ಅದನ್ನೇ ಹುಡುಕಿ ತನ್ನಿ.

ಚಾಮುಂಡಿಪುರಂ_ಅಮ್ಮ

ಎಷ್ಟೊಂದು ವಿಷಯ ಹೇಳಿದ್ದೀರಿ, ತುಂಬಾ ತುಂಬಾ ಧನ್ಯವಾದ. ಇಂಗಿನ ಡಬ್ಬಿ ಈಗಲೇ ತೆಗೆದು ನೋಡಿದೆ, ಗೋಧಿಹಿಟ್ಟು ಅಂತಲೇ ಇದೆ. ಹೊರಗೆ ಹಾಕಿದೆ. ಲಟ್ಟಣಿಗೆ, ಜರಡಿ ಎರಡೂ ಹೊಸದು ತರುತ್ತೇನೆ.

ಇನ್ನೂ ಎರಡು ಪ್ರಶ್ನೆ. ನಮ್ಮ ಅತ್ತೆಯವರೂ ತಿನ್ನಬೇಕು, ಅವರು ಮೊಟ್ಟೆ ಮುಟ್ಟುವುದಿಲ್ಲ. ಮೊಟ್ಟೆ ಇಲ್ಲದೆ ಕ್ರಸ್ಟ್ ನಿಲ್ಲುತ್ತದಾ? ಎರಡನೆಯದು, ಓಟಿಜಿಯಲ್ಲಿ ಎಷ್ಟು ಬಿಸಿ, ಎಷ್ಟು ಹೊತ್ತು? ಅದರಲ್ಲಿ ಮೇಲ್ಭಾಗ ಬೇಗ ಕೆಂಪಾಗುತ್ತದೆ, ಅಡಿ ಹಸಿಯಾಗಿ ಉಳಿಯುತ್ತದೆ.

ಧಾರವಾಡದ_ಅಕ್ಕ

ಮೊಟ್ಟೆ ಇಲ್ಲದೆ ಖಂಡಿತ ನಿಲ್ಲುತ್ತದೆ ರೀ. ನಾವು ಜೋಳದ ರೊಟ್ಟಿ ಬಡಿಯುವವರು, ಜೋಳದಲ್ಲಿ ಏನು ಅಂಟಿದೆ ಹೇಳಿ? ತಣ್ಣೀರಲ್ಲಿ ಕಲಸಿದರೆ ರೊಟ್ಟಿ ಏಳುವುದೇ ಇಲ್ಲ, ಹರಿದು ಹೋಗುತ್ತದೆ. ಅದಕ್ಕೇ ಕುದಿಯುವ ಎಸರು ಹಾಕಿ ನಾದುತ್ತೇವೆ. ಬಿಸಿನೀರಿಗೆ ಹಿಟ್ಟಿನ ಪಿಷ್ಟ ಅರ್ಧ ಬೆಂದು ಅಂಟು ಬಿಡುತ್ತದೆ, ಆ ಅಂಟಿನ ಮೇಲೇ ರೊಟ್ಟಿ ಅಷ್ಟು ತೆಳ್ಳಗೆ ಬರುವುದು. ನಿಮ್ಮ ಕಡೆ ಅಕ್ಕಿರೊಟ್ಟಿಗೆ ಹಿಟ್ಟು ಉಕ್ಕರಿಸುತ್ತಾರಲ್ಲ, ಅದೂ ಇದೇ ಲೆಕ್ಕ. ಪೈಗೂ ಅದನ್ನೇ ಮಾಡಿ.

ಆದರೆ ಪೂರ್ತಿ ಹಿಟ್ಟಿಗೆ ಎಸರು ಹಾಕಿದರೆ ಬೆಣ್ಣೆ ಕರಗಿ ಹೋಗುತ್ತದೆ, ಪದರ ಬರುವುದಿಲ್ಲ. ಅದಕ್ಕೆ ಒಂದು ದಾರಿ ಇದೆ. ಬಸವನಗುಡಿಯವರ 140 ಗ್ರಾಂ ಅಕ್ಕಿಹಿಟ್ಟಿನಲ್ಲೇ 30 ಗ್ರಾಂ ಬೇರೆ ತೆಗೆದಿಡಿ. 100 ಮಿಲಿ ನೀರಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ. ಮೊದಲು ಹಾಲಿನಂತೆ ಇದ್ದದ್ದು ಒಮ್ಮೆಗೇ ಗಟ್ಟಿಯಾಗಿ ಸೌಟಿಗೆ ಹತ್ತಿಕೊಂಡು ಹೊಳೆಯುತ್ತದೆ, ತಳ ಬಿಡಲು ಶುರುವಾದಾಗ ಇಳಿಸಿ. ಮೇಲೆ ಕೆನೆಗಟ್ಟದಂತೆ ಮುಚ್ಚಿ ಆರಿಸಿ, ಫ್ರಿಜ್‌ನಲ್ಲಿಟ್ಟು ಪೂರ್ತಿ ತಣ್ಣಗೆ ಮಾಡಿ. ಮೊಟ್ಟೆ ಮತ್ತು ಐಸ್ ನೀರಿನ ಬದಲು ಈ ಅಂಬಲಿಯನ್ನು ಬೆಣ್ಣೆ ಬೆರೆಸಿದ ಹಿಟ್ಟಿಗೆ ಚೂರು ಚೂರಾಗಿ ಕಿತ್ತು ಹಾಕಿ ಒತ್ತಿ ಕೂಡಿಸಿ. ಒಣ ಅನಿಸಿದರೆ ಐಸ್ ನೀರು ಒಂದೊಂದೇ ಚಮಚ. ಇಸಬ್ಗೋಲ್ ಹಾಗೇ ಇರಲಿ.

ನಮ್ಮ ಅಕ್ಕನ ಮನೆಯಲ್ಲಿ ಈ ಹಿಟ್ಟಿನಲ್ಲೇ ಮಾವಿನ ಪೈ ಮಾಡುತ್ತೇವೆ. ಆಪೂಸು ಬೇಡ, ಬೆಂದರೆ ರಸಾಯನ ಆಗುತ್ತದೆ. ಅರ್ಧ ಹಣ್ಣಾದ ಗಿಣಿಮೂತಿ ಮಾವು ತಗೊಳ್ಳಿ. ಗಟ್ಟಿ ಇರುತ್ತದೆ, ಹುಳಿಸಿಹಿ ಇರುತ್ತದೆ, ಹೋಳು ಕರಗುವುದಿಲ್ಲ. ಚಕ್ಕೆ ಬದಲು ಏಲಕ್ಕಿ ಹಾಕಿ. ಅನಾನಸ್ ಕೂಡ ಚೆನ್ನಾಗಿ ಬರುತ್ತದೆ, ಬನವಾಸಿ ಕಡೆಯದು ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ಅದನ್ನು ಮೊದಲೇ ಬಾಣಲೆಯಲ್ಲಿ ನೀರು ಇಂಗುವ ತನಕ ಬಾಡಿಸಬೇಕು. ಸೇಬಿನ ಬೆಲೆ ಏರಿದಾಗ ಇವೆರಡು ನೆನಪಿರಲಿ.

ಬಸವನಗುಡಿ_ಓವನ್

ಧಾರವಾಡದ ಅಕ್ಕ ಹೇಳಿದ ಅಂಬಲಿ ಉಪಾಯ ಅದ್ಭುತವಾಗಿದೆ, ನಾನೂ ಮೊಟ್ಟೆ ಇಲ್ಲದ ಆರ್ಡರ್‌ಗೆ ಇನ್ನು ಮೇಲೆ ಇದನ್ನೇ ಮಾಡುತ್ತೇನೆ.

ಓಟಿಜಿ ಬಗ್ಗೆ. ಮೇಲಿನ, ಕೆಳಗಿನ ಎರಡೂ ಕಾಯಿಲ್ ಆನ್ ಮಾಡಿ 200 ಡಿಗ್ರಿಯಲ್ಲಿ 20 ನಿಮಿಷ ಕಾಯಿಸಿ. ಕಾಯುವಾಗಲೇ ಒಳಗೆ ಕೆಳಗಿನ ಹಂತದಲ್ಲಿ ಕಬ್ಬಿಣದ ದೋಸೆ ಕಾವಲಿ ಇಡಿ, ಹಿಡಿ ಇಲ್ಲದ್ದು, ನಿಮ್ಮ ಓವನ್‌ಗೆ ಹಿಡಿಸುವಂಥದ್ದು. ಪೈ ತಟ್ಟೆಯನ್ನು ಆ ಕಾದ ಕಾವಲಿಯ ಮೇಲೇ ಇಟ್ಟರೆ ಅಡಿಗೆ ಮೊದಲೇ ಶಾಖ ಹತ್ತುತ್ತದೆ. ಅಲ್ಯೂಮಿನಿಯಂ ತಟ್ಟೆ ಇರುವುದು ಒಳ್ಳೆಯದೇ ಆಯಿತು, ಗಾಜಿಗಿಂತ ಬೇಗ ಕಾಯುತ್ತದೆ.

ಅಡಿ ಹಸಿ ಉಳಿಯುವುದಕ್ಕೆ ಇನ್ನೊಂದು ಮದ್ದು, ಕೆಳಗಿನ ಕ್ರಸ್ಟ್ ಮೊದಲೇ ಅರ್ಧ ಬೇಯಿಸುವುದು. ತಟ್ಟೆಗೆ ಹಾಕಿದ ಕ್ರಸ್ಟ್‌ಗೆ ಫೋರ್ಕಿನಿಂದ ಚುಚ್ಚಿ, ಮೇಲೆ ಬಟರ್ ಪೇಪರ್ ಹಾಸಿ, ಒಣ ರಾಜ್ಮಾ ತುಂಬಿ 15 ನಿಮಿಷ ಬೇಯಿಸಿ. ಪೇಪರ್, ಕಾಳು ತೆಗೆದು ಇನ್ನೂ 5 ನಿಮಿಷ. ಆ ಕಾಳನ್ನು ಅಡುಗೆಗೆ ಬಳಸಲು ಆಗುವುದಿಲ್ಲ, ಡಬ್ಬಿಯಲ್ಲಿಟ್ಟುಕೊಂಡರೆ ಪ್ರತಿ ಸಲ ಇದಕ್ಕೇ ಬರುತ್ತದೆ. ಆಮೇಲೆ ಹಣ್ಣು ತುಂಬಿ, ಪಟ್ಟಿ ಜೋಡಿಸಿ, ಮೇಲೆ ಹಾಲು ಸವರಿ ಸ್ವಲ್ಪ ಸಕ್ಕರೆ ಉದುರಿಸಿ. 200ರಲ್ಲಿ 20 ನಿಮಿಷ, ನಂತರ 180ಕ್ಕೆ ಇಳಿಸಿ 35ರಿಂದ 45 ನಿಮಿಷ. ಮೇಲೆ ಬೇಗ ಕೆಂಪಾದರೆ ಅಲ್ಯೂಮಿನಿಯಂ ಫಾಯಿಲ್ ಹಗುರವಾಗಿ ಮುಚ್ಚಿ. ಗಡಿಯಾರ ನೋಡಿ ಇಳಿಸಬೇಡಿ, ಪಟ್ಟಿಗಳ ಸಂದಿಯಲ್ಲಿ ರಸ ಕುದಿದು ದಪ್ಪ ಗುಳ್ಳೆ ಬರುತ್ತಿರಬೇಕು, ಅಂಚಿನಲ್ಲಿ ಮಾತ್ರ ಅಲ್ಲ, ನಡುಮಧ್ಯದಲ್ಲೂ. ಅಲ್ಲಿಯ ತನಕ ಕಾರ್ನ್‌ಫ್ಲೋರ್ ಬೆಂದಿಲ್ಲ ಅಂತ ಅರ್ಥ.

ಓಟಿಜಿಯ ತಿರುಗಣೆಯಲ್ಲಿ ಬರೆದಿರುವ ಡಿಗ್ರಿಯನ್ನು ಪೂರ್ತಿ ನಂಬಬೇಡಿ, ಒಳಗೆ ಇಡುವ ಸಣ್ಣ ಥರ್ಮಾಮೀಟರ್ ಸಿಗುತ್ತದೆ, ತಂದಿಟ್ಟುಕೊಂಡರೆ ಎಲ್ಲಾ ಬೇಕಿಂಗ್‌ಗೂ ಉಪಯೋಗ.

ಜೆರ್ಸಿ_ಕನ್ನಡತಿ

ಹುಟ್ಟುಹಬ್ಬದ ದಿನವೇ ಎಲ್ಲಾ ಮಾಡಲು ಹೋದರೆ ಸುಸ್ತಾಗುತ್ತೀರಿ. ಹಿಟ್ಟನ್ನು ಹಿಂದಿನ ದಿನವೇ ಕಲಸಿ ಫ್ರಿಜ್‌ನಲ್ಲಿಡಿ. ಮರುದಿನ ಲಟ್ಟಿಸುವ ಮುಂಚೆ 15 ನಿಮಿಷ ಹೊರಗೆ ಇಡಿ, ತುಂಬಾ ತಣ್ಣಗಿದ್ದರೂ ಬಿರಿಯುತ್ತದೆ. ಫ್ರೀಜರ್‌ನಲ್ಲಾದರೆ ಬಿಲ್ಲೆಗಳು ಒಂದು ತಿಂಗಳು ಚೆನ್ನಾಗಿರುತ್ತವೆ. ಬೆಂದ ಪೈ ಉಳಿದರೆ ಫ್ರಿಜ್‌ನಲ್ಲಿ ಎರಡು ಮೂರು ದಿನ ಪರವಾಗಿಲ್ಲ, ಆದರೆ ಅಕ್ಕಿಹಿಟ್ಟು ತಣ್ಣಗಾದರೆ ಗಟ್ಟಿಯಾಗುತ್ತದೆ, ತಿನ್ನುವ ಮುಂಚೆ ಓವನ್‌ನಲ್ಲಿ 160 ಡಿಗ್ರಿಯಲ್ಲಿ 10 ನಿಮಿಷ ಬಿಸಿ ಮಾಡಿ. ಮೈಕ್ರೋವೇವ್ ಬೇಡ, ಕ್ರಸ್ಟ್ ಮೆತ್ತಗಾಗುತ್ತದೆ.